ಒಲೆಗೊಂದು ಮನೆ

"ಇಷ್ಟು ಬೆಳ್ಳಗಿದ್ರೆ ಯಾರು ನಂಬ್ತಾರೆ? ನಿನ್ನೆ ಕಟ್ಟಿದ ಒಲೆ ಅಂತ ದಾರೀಲಿ ಹೋಗೋನಿಗೂ ಗೊತ್ತಾಗುತ್ತೆ," ಎಂದು ಬಡಗಿ ಒಲೆಯ ಹಿಂದಿನ ಗೋಡೆಯನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನು ಹೆಂಡತಿಯ ಮೂಗಿನೆದುರು ಹಿಡಿದ. ಬೆರಳ ತುಂಬ ಸುಣ್ಣ.

ಹೆಂಡತಿ, ಆ ಮನೆಯ ಹಿರಿಸೊಸೆ, ಎಣ್ಣೆಯಲ್ಲಿ ಅದ್ದಿದ ಚಿಂದಿಬಟ್ಟೆಯನ್ನು ಕೋಲಿನ ತುದಿಗೆ ಸುತ್ತುತ್ತಿದ್ದಳು. "ನಂಬೋ ಹಾಗೆ ಮಾಡ್ತೀವಿ, ನೀವು ಆಚೆ ನಡೀರಿ," ಎಂದಳು. ಕಿರಿಸೊಸೆ ಕಡ್ಡಿ ಗೀರಿದಳು. ಬಟ್ಟೆ ಹೊತ್ತಿಕೊಂಡು ಕರ್ರಗೆ ಹೊಗೆ ಎದ್ದಿತು. ಓರಗಿತ್ತಿಯರಿಬ್ಬರೂ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಒಂದೇ ಕೋಲು ಹಿಡಿದು, ಗೋಡೆಗೆ ಮಸಿ ಹಿಡಿಸತೊಡಗಿದರು.

ಅತ್ತೆ ಹೊಸಿಲ ಮೇಲೆ ಕೂತು ನೋಡುತ್ತಿದ್ದಳು. "ಅಯ್ಯೋ ಮಂಕುಗಳಾ, ಮಸಿ ಒಲೆ ಪಕ್ಕದಲ್ಲೇ ಕೂತಿರುತ್ತಾ? ಅದು ಗಾಳಿ ಎತ್ತ ಎಳೆಯುತ್ತೋ ಅತ್ತ ಓಡುತ್ತೆ. ಕಿಟಕಿ ಕಡೆ ಬಳೀರಿ. ಸೂರಿಗೂ ಸ್ವಲ್ಪ ತೋರಿಸಿ."

"ಸೂರಿಗೆ ತೋರಿಸಿದ್ರೆ ಮನೇನೇ ಸುಟ್ಟು ಹೋಗುತ್ತೆ ಅತ್ತೆ. ಆಮೇಲೆ ಪುರಸಭೆಯೋರಿಗೆ ಕೆಡವೋ ಕೆಲಸಾನೇ ಇರಲ್ಲ," ಎಂದಳು ಕಿರಿಯವಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಹೊಗೆಗೂ ಬಂದಿರಬಹುದು.

ಆ ಗಲ್ಲಿಯ ಸಾಲುಮನೆಗಳನ್ನೆಲ್ಲ ಕೆಡವಿ ಅಲ್ಲಿ ಮಹಡಿಯ ಮೇಲೆ ಮಹಡಿ ಎಬ್ಬಿಸುತ್ತೇವೆಂದು ಪುರಸಭೆಯವರು ಹೇಳಿ ಬಹಳ ಕಾಲವಾಗಿತ್ತು. ಪುರಸಭೆಯ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ರಟ್ಟಿನ ಕಟ್ಟಡಗಳನ್ನು ಮಾಡಿ ಇಟ್ಟಿದ್ದರು. ಸ್ಪಂಜಿನ ಮರಗಳು, ಬೆಂಕಿಕಡ್ಡಿಯಷ್ಟೂ ಇಲ್ಲದ ಮನುಷ್ಯರು. ಗಲ್ಲಿಯ ಜನ ಸಾಲಾಗಿ ಹೋಗಿ ನೋಡಿಬಂದರು. ಅತ್ತೆ ಗಾಜಿಗೆ ಮೂಗು ತಾಗಿಸಿ ನೋಡಿ, "ಎಲ್ಲಾ ಸರಿ, ಇವರು ಬಟ್ಟೆ ಎಲ್ಲಿ ಒಣಗಿಸ್ತಾರೆ?" ಎಂದು ಕೇಳಿ ಅಲ್ಲಿನ ಗುಮಾಸ್ತನನ್ನು ನಗಿಸಿದ್ದಳು.

ಯಾರಿಗೆ ಎಷ್ಟು ಮನೆ ಕೊಡಬೇಕು ಎಂಬಲ್ಲಿ ಮಾತ್ರ ಪುರಸಭೆಗೆ ಒಮ್ಮೆ ಕೈ ಸುಟ್ಟಿತ್ತು. ಹಿಂದೆ ಕೆಳಗಿನ ಕೇರಿಯನ್ನು ಕೆಡವಿದಾಗ ಅವರು ಬಾಗಿಲು ಎಣಿಸಿದ್ದರು. ಬೀದಿಗೆ ತೆರೆಯುವ ಬಾಗಿಲೊಂದಕ್ಕೆ ಮನೆಯೊಂದು. ಸುದ್ದಿ ಹೊರಬಿದ್ದದ್ದೇ ತಡ, ಜನ ಗೋಡೆ ಒಡೆದು ಬಾಗಿಲು ಕೂರಿಸಿದರು. ಆ ವರ್ಷ ಬಡಗಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತು ಇರಲಿಲ್ಲ. ಒಂದು ಮನೆಯಲ್ಲಂತೂ ಬಚ್ಚಲಿಗೂ ಬೀದಿಬಾಗಿಲು ಬಂದು, ಮನೆಯ ಯಜಮಾನ ತಲೆ ಒರೆಸಿಕೊಳ್ಳುತ್ತಾ ನೆಟ್ಟಗೆ ರಸ್ತೆಗೆ ಇಳಿದುಬಿಟ್ಟನೆಂದು ಜನ ಈಗಲೂ ನಗುತ್ತಾರೆ. ಪುರಸಭೆ ಪಾಠ ಕಲಿಯಿತು. ಬಾಗಿಲು ಸುಳ್ಳು ಹೇಳುತ್ತದೆ, ಒಲೆ ಹೇಳುವುದಿಲ್ಲ ಎಂದು ಯಾರೋ ಬುದ್ಧಿವಂತರು ಸಭೆಯಲ್ಲಿ ಎದ್ದು ನಿಂತು ಹೇಳಿದರಂತೆ. ಹಾಗಾಗಿ ಈ ಸಲ ಒಲೆಗೊಂದು ಮನೆ. ಒಂದು ಒಲೆಯಲ್ಲಿ ಬೇಯಿಸಿ ಉಣ್ಣುವವರು ಎಷ್ಟೇ ಜನ ಇರಲಿ, ಒಂದೇ ಸಂಸಾರ. ಎತ್ತಿಕೊಂಡು ಓಡಾಡುವ ಸ್ಟೌ ಲೆಕ್ಕಕ್ಕಿಲ್ಲ, ಕಟ್ಟಿದ ಒಲೆಯೇ ಬೇಕು. ನೋಡಲು ಬರುವವರು ಯಾವ ದಿನ ಬರುತ್ತಾರೆಂದು ಮೊದಲೇ ಹೇಳುವುದಿಲ್ಲ. ಹೇಳಿದರೆ ಜನ ನಾಟಕ ಹೂಡುತ್ತಾರಲ್ಲ.

ಇವರದು ಮೂರು ಕೋಣೆಯ ಮನೆ. ಹಿರಿಮಗ ಬಡಗಿ, ಕಿರಿಮಗ ಬಸ್ ಕಂಡಕ್ಟರ್. ಇಬ್ಬರಿಗೂ ಹೆಂಡತಿ ಮಕ್ಕಳು. ಮಕ್ಕಳು ಉದ್ದಕ್ಕೂ ಅಡ್ಡಕ್ಕೂ ಮಲಗುತ್ತಿದ್ದರು, ಬೆಳಿಗ್ಗೆ ಯಾರ ಕಾಲು ಯಾರದೆಂದು ಹುಡುಕಿ ಎಬ್ಬಿಸಬೇಕಿತ್ತು. ಬಡಗಿ ಎಷ್ಟೋ ವರ್ಷಗಳಿಂದ ತನ್ನ ಅಂಗಡಿಯಲ್ಲೇ ಮಲಗುತ್ತಿದ್ದ. ಮನೆಗೆ ಬಂದಾಗ ಅವನ ತಲೆಗೂದಲಲ್ಲಿ ಮರದ ಹೊಟ್ಟು ಇರುತ್ತಿತ್ತು. ಎರಡು ಮನೆ ಸಿಕ್ಕರೆ ಎಲ್ಲರೂ ಕಾಲು ಚಾಚಬಹುದು. ಇದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಹಿರಿಯವಳೇ. "ಹಲಗೆ ಕೋಣೇಲಿ ಒಂದು ಒಲೆ ಕಟ್ಟಿದ್ರೆ ಆಯ್ತಲ್ಲ," ಎಂದಿದ್ದಳು.

ಹಲಗೆ ಕೋಣೆಯೆಂದರೆ ಅಡುಗೆಮನೆಗೆ ಅಂಟಿಕೊಂಡಿದ್ದ ಕೋಣೆ. ಬಡಗಿ ಅಲ್ಲಿ ಹಲಗೆ ಪೇರಿಸಿಡುತ್ತಿದ್ದ. ಅದಕ್ಕೆ ಪಕ್ಕದ ಓಣಿಗೊಂದು ಬಾಗಿಲು, ಅಡುಗೆಮನೆಗೊಂದು ಬಾಗಿಲು. ಹಲಗೆಗಳನ್ನೆಲ್ಲ ಅಂಗಡಿಗೆ ಸಾಗಿಸಿ ಒಲೆ ಕಟ್ಟಿಸಿದರು. ಕೋಣೆಯನ್ನು ಜೋಡಿಸಿದವಳೂ ಹಿರಿಯವಳೇ. ತನ್ನ ಅಡುಗೆಮನೆ ಹೇಗಿತ್ತೋ ಅದರ ಪಡಿಯಚ್ಚು ಇಳಿಸಿದಳು. ಒಲೆಯ ಬಲಕ್ಕೆ ಭುಜದೆತ್ತರದಲ್ಲಿ ಹಲಗೆ, ಹಲಗೆಯ ಮೊದಲನೆಯ ಡಬ್ಬಿ ಉಪ್ಪಿನದು, ಆಮೇಲೆ ಖಾರದ ಪುಡಿ, ಆಮೇಲೆ ಬೇಳೆ. "ಕಣ್ಣು ಮುಚ್ಚಿಕೊಂಡು ಅಡುಗೆ ಮಾಡಬಹುದು ನೋಡು," ಎಂದು ಓರಗಿತ್ತಿಯನ್ನು ಒಲೆಯ ಮುಂದೆ ನಿಲ್ಲಿಸಿ ತೋರಿಸಿದಳು. ಕಿರಿಯವಳು, "ಹೂಂ ಅಕ್ಕ," ಎಂದಳು.

ಮೊದಮೊದಲು ಅದು ಮಕ್ಕಳಾಟದ ಹಾಗಿತ್ತು. ಎರಡು ಒಲೆಯಲ್ಲೂ ಹೊಗೆ ಏಳಬೇಕು, ಎರಡು ಕಡೆಯೂ ಪಾತ್ರೆ ತೊಳೆದ ನೀರು ಹರಿಯಬೇಕು. ನಡುವಿನ ಬಾಗಿಲಿನಿಂದ ಬಟ್ಟಲುಗಳು ಓಡಾಡಿದವು. ಮಕ್ಕಳು ಇಲ್ಲಿ ಒಂದು ಸುತ್ತು ಉಂಡು ಅಲ್ಲಿ ಇನ್ನೊಂದು ಸುತ್ತಿಗೆ ಕೂತರು. ಅತ್ತೆ ಎರಡೂ ಕಡೆ ರುಚಿ ನೋಡಿ, "ಹೋಟೆಲಿಗೆ ಬಂದ ಹಾಗಾಯ್ತು," ಎಂದು ಹೊಟ್ಟೆ ಸವರಿಕೊಂಡಳು. ಕಂಡಕ್ಟರ್ ಕೆಲಸದಿಂದ ಬಂದವನು ನಡುವಿನ ಬಾಗಿಲಲ್ಲಿ ನಿಂತು, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!" ಎಂದು ಕೂಗುತ್ತಿದ್ದ. ಹಿರಿಯವಳು ಸೌಟು ತೋರಿಸಿ, "ಟಿಕೆಟ್ ತಗೊಂಡಿದ್ದೀರಾ ಮೈದುನರೇ?" ಎನ್ನುತ್ತಿದ್ದಳು.

ಪುರಸಭೆಯವರು ಬರಲಿಲ್ಲ. ಇವತ್ತು ಬಂದಾರು, ನಾಳೆ ಬಂದಾರು ಎಂದು ಎರಡು ಒಲೆಯೂ ಉರಿಯುತ್ತಲೇ ಇದ್ದವು. ಉರಿಯುತ್ತಾ ಉರಿಯುತ್ತಾ ಬಳಿದ ಮಸಿಯ ಮೇಲೆ ನಿಜವಾದ ಮಸಿ ಕೂತಿತು. ಯಾವುದು ಬಳಿದದ್ದು ಯಾವುದು ಕೂತದ್ದು ಎಂದು ಅತ್ತೆಗೂ ಗುರುತು ಹತ್ತದ ಹಾಗಾಯಿತು.

ಕಿರಿಯವಳು ಆ ಮನೆಗೆ ಬಂದಾಗಿನಿಂದ ಹೆಚ್ಚಿದ್ದಳು, ಅರೆದಿದ್ದಳು, ತೊಳೆದಿದ್ದಳು. ಪಾತ್ರೆಗೆ ಉಪ್ಪು ಹಾಕಿದವಳಲ್ಲ. ಹಾಕಬೇಡವೆಂದು ಯಾರೂ ಹೇಳಿರಲಿಲ್ಲ. ಉಪ್ಪು ಹಾಕುವ ಹೊತ್ತಿಗೆ ಹಿರಿಯವಳ ಕೈ ತಾನಾಗಿ ಬರುತ್ತಿತ್ತು, ಇವಳು ಸರಿದು ನಿಲ್ಲುತ್ತಿದ್ದಳು. ಅಡುಗೆಕಟ್ಟೆಯೂ ಕಿರಿದು. ಕಿರಿಯವಳು ಎಡಚಿ ಬೇರೆ. ಒಬ್ಬಳ ಬಲಮೊಣಕೈ ಇನ್ನೊಬ್ಬಳ ಎಡಮೊಣಕೈಗೆ ತಾಗಿ, "ಸ್ವಲ್ಪ ಸರಿಯೇ," "ಸರಿದೆ ಅಕ್ಕ" ಎಂಬುದು ಆ ಅಡುಗೆಮನೆಯಲ್ಲಿ ಉಸಿರಾಟದಷ್ಟೇ ಸಹಜವಾದ ಮಾತಾಗಿತ್ತು. ಈಗ ಹಲಗೆ ಕೋಣೆಯಲ್ಲಿ ಸರಿಯಬೇಕಾದವರು ಯಾರೂ ಇರಲಿಲ್ಲ. ಒಂದು ದಿನ ಅಲ್ಲಿಂದ ಹುರಿದ ಬೆಳ್ಳುಳ್ಳಿಯ ವಾಸನೆ ಬಂತು. ಹಿರಿಯವಳು ಬೇಳೆಗೆ ಎಂದೂ ಬೆಳ್ಳುಳ್ಳಿ ಹಾಕಿದವಳಲ್ಲ. ಕಿರಿಯವಳು ಬಟ್ಟಲಲ್ಲಿ ತಂದುಕೊಟ್ಟು, ಎದುರಿಗೇ ನಿಂತಳು.

"ಹೇಗಿದೆ ಅಕ್ಕ?"

ಹಿರಿಯವಳು ನಾಲಿಗೆ ಮೇಲೆ ಆಡಿಸಿ, "ಪರವಾಗಿಲ್ಲ," ಎಂದಳು.

ಆ ಮಾತಿಗೆ ಕಿರಿಯವಳು ಮುಖ ಸಪ್ಪಗೆ ಮಾಡಿಕೊಳ್ಳುತ್ತಾಳೆಂದು ಅವಳು ಕಾದಳು. ಹಾಗೇನೂ ಆಗಲಿಲ್ಲ. "ಇವರು ಎರಡು ಸಲ ಹಾಕಿಸಿಕೊಂಡ್ರು," ಎಂದು ಹೇಳಿ ಕಿರಿಯವಳು ಖಾಲಿ ಬಟ್ಟಲು ತೆಗೆದುಕೊಂಡು ಹೊರಟುಹೋದಳು. ಈಚೆ ಒಲೆಯ ಮೇಲಿನ ಬೇಳೆ ಆ ದಿನ ಮಿಕ್ಕಿತು. ಮರುದಿನವೂ ಮಿಕ್ಕಿತು.

ಎದುರುಮನೆಯ ಇಸ್ತ್ರಿಯವಳು ಹೊಸ ಸುದ್ದಿ ತಂದಳು. ಅವಳ ಬಾಯಿಗೆ ಬಿದ್ದ ಸುದ್ದಿ ಅವಳ ಇಸ್ತ್ರಿಯ ಹಾಗೆ, ಆರುವುದರೊಳಗೆ ಗಲ್ಲಿಯ ಉದ್ದಕ್ಕೂ ಹರಿದಿರುತ್ತಿತ್ತು.

"ಹಿಂದಿನ ಗಲ್ಲಿಗೆ ಬಂದಿದ್ದನಂತೆ ಕಣ್ರೇ. ಒಬ್ಬನೇ. ಛತ್ರಿ ಹಿಡಕೊಂಡು ಬರ್ತಾನಂತೆ, ಸಣಕಲು ಮನುಷ್ಯ, ಮಾತು ಬಲು ಮೆದು. ಒಲೆ ನೋಡ್ತಾನೆ, ಬೂದಿ ನೋಡ್ತಾನೆ, ಅದೆಲ್ಲ ಸುಮ್ಮನೆ. ಆಮೇಲೆ ಒಂದು ಅಡುಗೆಮನೇಲಿ ಕೂತು ಇನ್ನೊಂದು ಅಡುಗೆಮನೆಯೋಳನ್ನ ಕರೀತಾನಂತೆ. ಬಿಸಿಲಿಗೆ ತಲೆ ಸುತ್ತುತ್ತಿದೆ ತಾಯಿ, ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿಕೊಡಿ ಅಂತಾನಂತೆ."

"ಕೊಟ್ರೆ ಏನಂತೆ?" ಎಂದಳು ಕಿರಿಯವಳು.

"ಕೊಟ್ರೆ ಮುಗೀತು! ಉಪ್ಪು ಎಲ್ಲಿದೆ ಅಂತ ಇವಳಿಗೆ ಹೇಗೆ ಗೊತ್ತು? ಎರಡು ಒಲೆ ಅನ್ನೋದು ಸುಳ್ಳು, ಅಡುಗೆಮನೆ ಒಂದೇ. ಒಂದು ಮನೆ ಹೊಡೆದುಹಾಕ್ತಾನೆ. ಅಲ್ಲಿ ಒಬ್ಬಳು ಪಾಪ, ಕಣ್ಣು ಮಿಟುಕಿಸೋದ್ರೊಳಗೆ ಉಪ್ಪಿನ ನೀರು ತಂದು ಕೊಟ್ಟಳಂತೆ, ಚಮಚೆ ಸಮೇತ. ಈಗ ಅವಳ ಓರಗಿತ್ತಿ ಅವಳ ಹತ್ರ ಮಾತು ಬಿಟ್ಟಿದ್ದಾಳೆ."

"ಹಾಗಾದ್ರೆ ತಡಕಾಡಿದ ಹಾಗೆ ಮಾಡಿದ್ರಾಯ್ತು," ಎಂದ ಬಡಗಿ.

"ಅಷ್ಟು ಸುಲಭ ಅಲ್ಲಣ್ಣ. ತಡಕಾಡಿದೋರನ್ನೂ ಹಿಡಿದಿದ್ದಾನೆ. ಕೈ ಸುಳ್ಳು ಹೇಳಿದ್ರೂ ಕಣ್ಣು ಮೊದಲೇ ಉಪ್ಪಿನ ಕಡೆ ಹೋಗಿರುತ್ತಂತೆ. ಅವನು ನೋಡೋದು ಕಣ್ಣನ್ನೇ."

ಆ ಸಂಜೆ ಹಲಗೆ ಕೋಣೆಯಲ್ಲಿ ಅಭ್ಯಾಸ ನಡೆಯಿತು. ಕಂಡಕ್ಟರ್ ಛತ್ರಿ ಹಿಡಿದು ಸ್ಟೂಲಿನ ಮೇಲೆ ಕೂತು, ಗಂಟಲು ಸಣ್ಣಗೆ ಮಾಡಿಕೊಂಡು, "ತಾಯೀ, ಚಿಟಿಕೆ ಉಪ್ಪೂ..." ಎಂದು ರಾಗ ಎಳೆದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿರಿಯವಳು ಒಳಗೆ ಬಂದು, ಗೋಡೆಗೆ ಕೈ ಹಚ್ಚಿ, ಗಾಳಿಯಲ್ಲಿ ಬೆರಳಾಡಿಸಿದಳು.

"ಕುರುಡರ ಥರ ಅಲ್ಲ ಕಣೇ!" ಎಂದ ಬಡಗಿ. "ನೆಂಟರ ಥರ. ನೆಂಟರ ಮನೆ ಅಡುಗೆಮನೆಗೆ ಹೋದಾಗ ಹೇಗೆ ನಿಲ್ತೀಯ? ಹಾಗೆ ನಿಲ್ಲು. ಮೊದಲು ಸುತ್ತ ನೋಡು. ಒಂದು ಡಬ್ಬಿ ತೆಗಿ, ಅಲ್ಲ ಅಂತ ಮುಚ್ಚು. ಇನ್ನೊಂದು ತೆಗಿ. ಉಪ್ಪಿನ ಕಡೆ ಮಾತ್ರ ನೋಡ್ಲೇಬೇಡ."

ಅವಳು ಮತ್ತೆ ಬಂದಳು. ಕೈಯನ್ನು ಎಷ್ಟು ಬಿಗಿಹಿಡಿದರೂ ಕಣ್ಣು ಬಲಗಡೆಯ ಹಲಗೆಗೆ, ಮೊದಲನೆಯ ಡಬ್ಬಿಗೆ ಹೋಗಿಬಿಟ್ಟಿತು. ಕಂಡಕ್ಟರ್ ಛತ್ರಿ ಎತ್ತಿ, "ಸಿಕ್ಕಿಬಿದ್ರಿ ಅತ್ತಿಗೆ! ಒಂದು ಮನೆ ಕ್ಯಾನ್ಸಲ್!" ಎಂದು ಕೂಗಿದ. ಮೂರನೆಯ ಸಲವೂ ಹಾಗೇ ಆಯಿತು.

"ಆಗಲ್ಲ ಕಣ್ರೀ ನನ್ನ ಕೈಲಿ. ಈ ಕೈ ಕಣ್ಣು ಎರಡೂ ಉಪ್ಪಿಗೇ ಹುಟ್ಟಿದಾವೆ," ಎಂದು ಅವಳು ಸೋಲೊಪ್ಪಿಕೊಂಡು ನಕ್ಕಳು. ಬಡಗಿ ನಗಲಿಲ್ಲ. ಅಂಗಡಿಗೆ ಹೊರಟವನು ಬಾಗಿಲಲ್ಲಿ ತಿರುಗಿ, "ಸ್ವಲ್ಪ ಮನಸ್ಸು ಮಾಡು. ತಮ್ಮನ ಮಕ್ಕಳಿಗೆ ಒಂದು ಸೂರು," ಎಂದ.

ಅವಳು ಮನಸ್ಸು ಮಾಡಿದ್ದಳು. ಮನಸ್ಸು ಕೆಟ್ಟದ್ದು ಆಮೇಲೆ, ಅದೂ ಒಂದು ಸಣ್ಣ ಮಾತಿಗೆ. ಅವಳು ಹಿತ್ತಲ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದಾಗ, ಓಣಿಯಲ್ಲಿ ಕಿರಿಯವಳು ಇಸ್ತ್ರಿಯವಳ ಜೊತೆ ನಿಂತು ಮಾತಾಡುತ್ತಿದ್ದಳು. "ನಮ್ಮನೇಲಿ ಗಾಳಿ ಚೆನ್ನಾಗಿ ಬರುತ್ತೆ. ಅಕ್ಕನ ಮನೇಲೇ ಸ್ವಲ್ಪ ಸೆಕೆ," ಎಂಬ ಮಾತು ಕೇಳಿಸಿತು.

ಅಕ್ಕನ ಮನೆ. ಕೊಡ ತುಂಬಿ ಹರಿಯಿತು. ಹಿರಿಯವಳು ನಲ್ಲಿ ನಿಲ್ಲಿಸಿ, ಕೊಡ ಎತ್ತಿಕೊಂಡು ಒಳಗೆ ಬಂದಳು. ಬಾಯಿತಪ್ಪಿ ಬಂದ ಮಾತಿರಬೇಕು ಎಂದುಕೊಂಡಳು. ಆದರೆ ಸಂಜೆ ಕಿರಿಯವಳು ನಡುವಿನ ಬಾಗಿಲಲ್ಲಿ ತಲೆ ಹಾಕಿ, "ಅಕ್ಕ, ಇವತ್ತು ನಮ್ಮನೆಗೆ ಊಟಕ್ಕೆ ಬನ್ನಿ. ಅತ್ತೇನೂ ಕರಕೊಂಡು ಬನ್ನಿ," ಎಂದಳು. ಎಲ್ಲರೂ ನಕ್ಕರು. ಕರೆದವಳೂ ನಕ್ಕಳು. ಹಿರಿಯವಳು ಹೋಗಿ, ತಾನೇ ಜೋಡಿಸಿದ ಆ ಕೋಣೆಯಲ್ಲಿ, ಹಾಸಿದ ಚಾಪೆಯ ಮೇಲೆ ಕೂತು ಉಂಡಳು. ಏಳಲು ಹೋದಾಗ ಕಿರಿಯವಳು, "ನೀವು ಕೂತಿರಿ ಅಕ್ಕ, ನಾನು ಹಾಕ್ತೀನಿ," ಎಂದು ಭುಜ ಒತ್ತಿ ಕೂರಿಸಿದಳು.

ಮರುದಿನ ಅವಳು ಪುರಸಭೆಗೆ ಹೋದಳು. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಅದೇ ಗುಮಾಸ್ತ ಕೂತಿದ್ದ.

"ಒಂದೇ ಮನೆಯೋರಿಗೆ ಎರಡು ಸಿಕ್ಕಿದ್ರೆ ಅಕ್ಕಪಕ್ಕದಲ್ಲೇ ಕೊಡ್ತೀರಾ ಸ್ವಾಮಿ?"

"ಚೀಟಿ ಎತ್ತೋದಮ್ಮ. ಒಬ್ಬರಿಗೆ ಈ ತುದಿ ಬಂದ್ರೆ ಒಬ್ಬರಿಗೆ ಆ ತುದಿ. ಯೋಜನೆ ಇರೋದೇ ಹಾಗೆ," ಎಂದು ಅವನು ಪೆನ್ನಿನಿಂದ ಗಾಜಿನ ಒಳಗಿನ ಎರಡು ಕಟ್ಟಡಗಳನ್ನು ತೋರಿಸಿದ. ನಡುವೆ ಸ್ಪಂಜಿನ ಮರಗಳ ಸಾಲಿತ್ತು, ಒಂದು ರಸ್ತೆಯಿತ್ತು, ಮಕ್ಕಳು ಆಡುವ ಜಾಗವೆಂದು ಹಸಿರು ಬಳಿದ ಒಂದು ತುಂಡಿತ್ತು.

ದಾರಿಯುದ್ದಕ್ಕೂ ಅವಳು ಯೋಚಿಸಿದಳು. ಒಂದು ಮನೆ ಹೋದರೆ ಮೈದುನನ ಸಂಸಾರ ಎಲ್ಲಿ ಮಲಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಇಷ್ಟು ದಿನ ಎಲ್ಲಿ ಮಲಗಿತ್ತೋ ಅಲ್ಲೇ, ಕಾಲು ಮಡಚಿಕೊಂಡು. ಅದೇನು ಸುಖವಲ್ಲ. ಆದರೂ ಎಲ್ಲರ ತಟ್ಟೆಗೂ ಒಂದೇ ಕೈ ಬಡಿಸುತ್ತಿತ್ತು, ಆ ಕೈ ಅವಳದಾಗಿತ್ತು. ಮನೆ ತಲುಪುವ ಹೊತ್ತಿಗೆ ಅವಳ ತೀರ್ಮಾನ ಗಟ್ಟಿಯಾಗಿತ್ತು. ಆ ಮನುಷ್ಯ ಉಪ್ಪು ಕೇಳಿದಾಗ ನೆಟ್ಟಗೆ ಹೋಗಿ ತೆಗೆದುಕೊಡುವುದು. ಅಷ್ಟೇ. ಅವಳು ಸುಳ್ಳು ಹೇಳಬೇಕಾಗಿರಲಿಲ್ಲ, ಸುಳ್ಳು ಹೇಳದಿದ್ದರೆ ಸಾಕಾಗಿತ್ತು. ಕೈ ತಾನಾಗಿ ಹೋಯ್ತು ಕಣ್ರೀ, ಏನು ಮಾಡ್ಲಿ, ಎಂದರೆ ಯಾರು ಏನು ಅಂದಾರು? ಅಭ್ಯಾಸದಲ್ಲಿ ಎರಡು ಸಲ ಎಲ್ಲರೆದುರೇ ಕಣ್ಣು ಹೋಗಿತ್ತಲ್ಲ.

ಛತ್ರಿಯವನು ಬಂದದ್ದು ಅದಾದ ಮೇಲೆ, ಒಂದು ಮಧ್ಯಾಹ್ನ. ಗಂಡಸರಿಬ್ಬರೂ ಊಟಕ್ಕೆ ಮನೆಗೆ ಬಂದಿದ್ದರು. ಇಸ್ತ್ರಿಯವಳು ಓಣಿಯ ತುದಿಯಿಂದಲೇ, "ಬಟ್ಟೆ ಇದ್ರೆ ಕೊಡ್ರೇ! ಬಟ್ಟೆ!" ಎಂದು ಎರಡು ಸಲ ಕೂಗಿದಳು. ಅದು ಅವರವರೊಳಗಿನ ಗುರುತು. ಅತ್ತೆ ಕೈಯಲ್ಲಿದ್ದ ಕಿರಿಯವಳ ಬಟ್ಟಲನ್ನು ಕೆಳಗಿಟ್ಟು, ಹಿರಿಯವಳ ಒಲೆಯ ಪಕ್ಕ ಬಂದು, ಹುಟ್ಟಿದಾಗಿನಿಂದ ಅಲ್ಲೇ ಇದ್ದವಳ ಹಾಗೆ ಗೋಡೆಗೆ ಒರಗಿದಳು.

ಅವನು ಬಂದು ಚಪ್ಪಲಿ ಬಿಟ್ಟು, ಛತ್ರಿ ಮಡಚಿ ಮೂಲೆಗಿಟ್ಟ. ಹಿರಿಯವಳ ಒಲೆ ನೋಡಿದ, ಬೂದಿಯ ಮೇಲೆ ಅಂಗೈ ಹಿಡಿದು ಬಿಸಿ ನೋಡಿದ. ನಡುವಿನ ಬಾಗಿಲಿನಿಂದ ಹಲಗೆ ಕೋಣೆಗೆ ದಾಟಿದ. ಅಲ್ಲಿಯ ಗೋಡೆಯನ್ನು ಬೆರಳಿಂದ ಒರೆಸಿ, "ಮಸಿ ಚೆನ್ನಾಗಿ ಕೂತಿದೆ," ಎಂದ. ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಬಡಗಿ, "ಹೌದು ಸ್ವಾಮಿ, ದಿನಾ ಉರೀತದೆ," ಎಂದ. ಅವನು ಸ್ಟೂಲಿನ ಮೇಲೆ ಕೂತ. ಕಿರಿಯವಳಿಗೆ, "ನೀವು ಸ್ವಲ್ಪ ಆಚೆ ನಿಂತಿರಿ ತಾಯಿ," ಎಂದು ಓಣಿಯ ಬಾಗಿಲು ತೋರಿಸಿದ. ಹಿರಿಯವಳನ್ನು ಕರೆದ.

"ಬಿಸಿಲು ಜಾಸ್ತಿ ಆಯ್ತು. ಒಂದು ಲೋಟ ನೀರು ಕೊಡ್ತೀರಾ? ಚಿಟಿಕೆ ಉಪ್ಪು ಹಾಕಿ."

ನಡುವಿನ ಬಾಗಿಲಲ್ಲಿ ಬಡಗಿ, ಅವನ ಹೆಗಲ ಹಿಂದೆ ಕಂಡಕ್ಟರ್. ಓಣಿಯ ಬಾಗಿಲಲ್ಲಿ ಕಿರಿಯವಳು, ಎರಡೂ ಕೈಗಳನ್ನು ಒಂದರೊಳಗೊಂದು ಹೆಣೆದುಕೊಂಡು. ಹಿರಿಯವಳು ಅವಳ ಮುಖ ನೋಡಲಿಲ್ಲ. ಎದುರಿಗೇ ಕಾಣುತ್ತಿದ್ದ ಕೊಡದಿಂದ ಲೋಟಕ್ಕೆ ನೀರು ಬಗ್ಗಿಸಿಕೊಂಡಳು. ತಿರುಗಿ, ಬಲಗಡೆಯ ಹಲಗೆ ನೋಡಿ, ಒಂದು ಕ್ಷಣವೂ ತಡೆಯದೆ ಮೊದಲನೆಯ ಡಬ್ಬಿಗೆ ಕೈ ಹಾಕಿ, ಮುಚ್ಚಳ ತೆಗೆದು, ಬೆರಳು ಇಳಿಸಿದಳು.

ಬೆರಳಿಗೆ ಸಕ್ಕರೆ ಸಿಕ್ಕಿತು.

ಅವಳು ಬಗ್ಗಿ ನೋಡಿದಳು. ಸಕ್ಕರೆಯೇ. ಮುಚ್ಚಳ ಹಾಕಿ ಪಕ್ಕದ್ದನ್ನು ತೆಗೆದಳು, ಚಹಾಪುಡಿ. ಅದರಾಚೆಯದು ಖಾಲಿ. ಬೇಳೆ ಇರಬೇಕಾದಲ್ಲಿ ಸಾಬೂನಿನ ತುಂಡುಗಳಿದ್ದವು. ಅವಳು ಬಗ್ಗಿ ಕಟ್ಟೆಯ ಕೆಳಗೆ ನೋಡಿದಳು. ಕಿಟಕಿಯ ಮೇಲೆ ನೋಡಿದಳು. ಚಾಕು ಎಲ್ಲಿದೆ, ಸೌಟು ಎಲ್ಲಿದೆ, ಒಂದೂ ಇಟ್ಟಲ್ಲಿ ಇರಲಿಲ್ಲ. ಅವಳು ಜೋಡಿಸಿದ್ದ ಕೋಣೆ ಅಲ್ಲಿರಲಿಲ್ಲ. ಲೋಟ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳು ಒಲೆಯ ಮುಂದೆ ನಿಂತಳು.

"ಸಾಕು ಬಿಡಿ ತಾಯಿ," ಎಂದ ಅವನು. "ನೀರೇ ಕುಡೀತೀನಿ."

ಲೋಟ ಇಸಕೊಂಡು, ಗಟಗಟ ಕುಡಿದು, ಬಾಯಿ ಒರೆಸಿಕೊಂಡ. "ನಾಟಕ ಆಡೋರನ್ನ ದಿನಾ ನೋಡ್ತೀನಿ. ಚೆನ್ನಾಗೇ ಆಡ್ತಾರೆ. ನೀವು ಆಡಲಿಲ್ಲ," ಎಂದು, ಜೇಬಿನಿಂದ ಪೆನ್ಸಿಲ್ ತೆಗೆದು, ಎರಡು ಒಲೆ ಎಂದು ಬರೆದುಕೊಂಡ. ಏಳುವಾಗ ನಡುವಿನ ಬಾಗಿಲನ್ನು ನೋಡಿ, "ಇದನ್ನ ಮುಚ್ಚಿಸಿಬಿಡಿ. ನಾಳೆಯೋ ನಾಡಿದ್ದೋ ನಮ್ಮ ಮೇಲಿನೋರು ಬರ್ತಾರೆ. ಅವರಿಗೆ ನನ್ನಷ್ಟು ತಾಳ್ಮೆ ಇಲ್ಲ," ಎಂದ.

ಅವನ ಛತ್ರಿ ಗಲ್ಲಿಯ ತಿರುವು ದಾಟುವವರೆಗೆ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಕಂಡಕ್ಟರ್ ಮಕ್ಕಳನ್ನು ಎತ್ತಿ ಎತ್ತಿ ಇಳಿಸಿದ. ಬಡಗಿ ಹೆಂಡತಿಯ ಬೆನ್ನಿಗೊಂದು ಗುದ್ದಿದ. "ಏನು ಮಾಡಿದೆ ಮಾರಾಯ್ತಿ! ಅಲ್ಲ, ಆ ಮೊದಲನೇ ಡಬ್ಬಿಗೆ ಕೈ ಹಾಕಿದೆಯಲ್ಲ, ನನ್ನ ಜೀವವೇ ಹೋಗಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ! ಆ ಪೆಚ್ಚುಮುಖ ಒಂದಿತ್ತಲ್ಲ, ಅದನ್ನ ಎಲ್ಲಿ ಕಲಿತೆ?"

"ಅಭ್ಯಾಸದಲ್ಲಿ ಸುಮ್ಮನೆ ನಮ್ಮನ್ನ ಆಟ ಆಡಿಸಿದ್ರು ಅತ್ತಿಗೆ," ಎಂದ ಕಂಡಕ್ಟರ್. ಇಸ್ತ್ರಿಯವಳು ಬಂದು ಅವಳ ಕೆನ್ನೆ ಹಿಂಡಿ, "ಹಿಂದಿನ ಗಲ್ಲಿಯೋರು ನಿಮ್ಮ ಹತ್ರ ಪಾಠ ಹೇಳಿಸಿಕೋಬೇಕು," ಎಂದಳು. ಹಿರಿಯವಳು ನಕ್ಕಳು. ನಗದೆ ಇರುವ ಹಾಗಿರಲಿಲ್ಲ.

ಕಿರಿಯವಳು ಮಾತ್ರ ಹಲಗೆ ಕೋಣೆಯ ಒಳಗೆ ಹೋಗಿದ್ದಳು. ಒಲೆಯ ಮೇಲೆ ಅರ್ಧ ಬೆಂದ ಪಾತ್ರೆ ಹಾಗೇ ಇತ್ತು. ಅವಳು ಅದರ ಮುಂದೆ ನಿಂತು, ಮಾತಾಡುವ ಮಕ್ಕಳ ಕಡೆ ಮುಖ ತಿರುಗಿಸಿಕೊಂಡೇ, ಎಡಗೈಯನ್ನು ಕೆಳಗೆ ಬಿಟ್ಟಳು. ಕಟ್ಟೆಯ ಎಡಗಡೆ ಸೊಂಟದೆತ್ತರದಲ್ಲಿ ಒಂದು ಮೊಳೆ, ಮೊಳೆಗೆ ತೂಗುಬಿಟ್ಟ ಒಂದು ಚಿಕ್ಕ ಮಗ್. ಕೈ ಅದರೊಳಗೆ ಹೋಗಿ ಬಂತು, ಉಪ್ಪು ಪಾತ್ರೆಗೆ ಬಿತ್ತು. ಹಿರಿಯವಳು ನಡುವಿನ ಬಾಗಿಲಿನಿಂದ ನೋಡಿದಳು. ಈಗ ಕಣ್ಣಿಗೆ ಬಿತ್ತು. ಚಾಕು ಎಡಗಡೆ, ಸೌಟು ಎಡಗಡೆ, ಸೌದೆ ಎಡಗಡೆ. ಆ ಕೋಣೆಯಲ್ಲಿರುವುದೆಲ್ಲ ಎಡಕ್ಕೆ ಸರಿದುಕೊಂಡಿತ್ತು.

"ಯಾವಾಗ ಬದಲಾಯಿಸಿದೆ?"

"ಮೊನ್ನೆ ಅಕ್ಕ. ನನಗೆ ಎಡಗೈ ಅಲ್ವಾ, ಆ ಕಡೆ ಎಟುಕ್ತಾನೇ ಇರಲಿಲ್ಲ." ಕಿರಿಯವಳು ಸೌಟು ಆಡಿಸಿದಳು. "ನಿಮಗೆ ಹೇಳಬೇಕು ಅಂದುಕೊಂಡೆ. ಮರೆತೇಹೋಯ್ತು."

"ಒಳ್ಳೇದೇ ಆಯ್ತಲ್ಲ."

"ಹೂಂ. ಒಳ್ಳೇದೇ ಆಯ್ತು." ಕಿರಿಯವಳು ಸೌಟು ಇಟ್ಟು ತಿರುಗಿ ನೋಡಿದಳು. "ಅಕ್ಕ, ಕೈ ನೆಟ್ಟಗೆ ಹೋಯ್ತು ಅಲ್ವಾ?"

ಹಿರಿಯವಳು ಬೆರಳಿಗಂಟಿದ್ದ ಸಕ್ಕರೆಯನ್ನು ಸೆರಗಿಗೆ ಒರೆಸಿಕೊಂಡಳು. ಅಷ್ಟರಲ್ಲಿ ಅಂಗಡಿಗೆ ಹೋಗಿಬಂದ ಬಡಗಿ ಹಿಂದಿನಿಂದ ಎರಡು ಅಗಲ ಹಲಗೆ ಹೊತ್ತು 'ದಾರಿ, ದಾರಿ' ಎಂದು ಬಂದ. ಅವಳು ತನ್ನ ಕಡೆಗೆ ಸರಿದಳು. ಕಿರಿಯವಳು ತನ್ನ ಕಡೆಗೆ ಸರಿದಳು. ಅವನು ಹಲಗೆಗಳನ್ನು ಬಾಗಿಲಿನ ಚೌಕಟ್ಟಿಗೆ ಕೂರಿಸಿ, ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಹೊಡೆದ. ಕೆಲಸ ಬಲ್ಲವನು, ಸಂದಿ ಬಿಡಲಿಲ್ಲ. ಅಡುಗೆಮನೆಗೆ ಆ ಬಾಗಿಲಿನಿಂದ ಬರುತ್ತಿದ್ದ ಬೆಳಕು ನಿಂತಿತು. ಅತ್ತೆ ಗೋಡೆಗೆ ಒರಗಿದಲ್ಲಿಂದಲೇ, "ಸಂಜೆ ಆಯ್ತಾ?" ಎಂದು ಕೇಳಿದಳು.

ಸಂಜೆಯಾದದ್ದು ಆಮೇಲೆ. ಗಂಡಸರು ಕೆಲಸಕ್ಕೆ ಹೋಗಿದ್ದರು. ಮಕ್ಕಳು ಹೊರಗಿದ್ದರು. ಹಿರಿಯವಳು ದೀಪ ಹಚ್ಚಿ, ಅಕ್ಕಿಯ ಮೊರ ಮುಂದಿಟ್ಟುಕೊಂಡು ಕಲ್ಲು ಆರಿಸುತ್ತಿದ್ದಳು. ಹಲಗೆಯಾಚೆ ಪಾತ್ರೆ ಸದ್ದು, ಬಳೆ ಸದ್ದು, ಎಲ್ಲ ದೂರದಲ್ಲಿ ಕೇಳಿದಂತಿತ್ತು. ಆಮೇಲೆ ಅದೂ ನಿಂತಿತು.

ಬೀದಿಬಾಗಿಲನ್ನು ಯಾರೋ ತಟ್ಟಿದರು.

ಆ ಬಾಗಿಲು ತಟ್ಟುವವರು ಕಡಿಮೆ. ಮನೆಯವರು ದೂಡಿಕೊಂಡೇ ಬರುತ್ತಿದ್ದರು, ಇಸ್ತ್ರಿಯವಳು ದೂರದಿಂದಲೇ ಕೂಗುತ್ತಿದ್ದಳು. ಪುರಸಭೆಯ ಮೇಲಿನವರೇ ಬಂದರೇನೋ ಎಂದು ಅವಳು ಮೊರ ಸರಿಸಿ, ಬಟ್ಟೆ ಸರಿಮಾಡಿಕೊಂಡು ಎದ್ದಳು.

"ಯಾರು?"

"ನಾನು ಅಕ್ಕ."

ಕಿರಿಯವಳು ನಿಂತಿದ್ದಳು. ಕೈಯಲ್ಲಿ ಬಟ್ಟಲು, ಬಟ್ಟಲ ಮೇಲೆ ಒಂದು ತಟ್ಟೆ ಮುಚ್ಚಿತ್ತು. ಓಣಿ ಸುತ್ತಿ ಬರಬೇಕಲ್ಲ, ತಲೆ ಬಾಚಿಕೊಂಡಿದ್ದಳು. ಒಳಗೆ ಬರಲೋ ಬೇಡವೋ ಎಂಬ ಹಾಗೆ ಒಂದು ಗಳಿಗೆ ತಡೆದು, ಚಪ್ಪಲಿಯನ್ನು ಹೊಸಿಲಾಚೆ ಗೋಡೆಯ ಬದಿಗೆ ಒಂದರ ಪಕ್ಕ ಒಂದು ಸರಿಯಾಗಿ ಬಿಟ್ಟಳು.